ಎರಡನೇ ಸಲ ಯಾರೂ ಕೇಳದ ಊರು

ಅಕ್ಕಲಕೋಟ

ಈ ಪ್ರವಾಸಕ್ಕೆ ನನಗೆ ಬಿದ್ದ ಖರ್ಚು ಒಂದು ಎಮ್ಮೆ. ಬತ್ತಿದ ಎಮ್ಮೆಯಲ್ಲ, ಎರಡನೇ ಸೂಲಿನದು, ಕೆಚ್ಚಲು ಮುಟ್ಟಿದರೆ ಬಕೆಟ್ ತುಂಬುತ್ತಿತ್ತು. ಅದನ್ನು ಮಾರಿ ದುಬೈ ನೋಡಿ ಬಂದೆ ಎಂದರೆ ಪೇಟೆಯವರು ಈಗಲೂ ನಗುತ್ತಾರೆ. ನಗಲಿ. ಯಾಕೆ ಮಾರಿದೆ ಎಂಬುದನ್ನು ನಿಮಗೆ ಹೇಳುತ್ತೇನೆ, ಆಮೇಲೆ ಬೇಕಾದರೆ ನೀವೂ ನಗಿ.

ನನ್ನದು ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ವ್ಯಾಪಾರ. ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಹಚ್ಚಿ, ಮುಂದೆ ಒಂದು ಬುಟ್ಟಿ ಇಟ್ಟುಕೊಂಡು ಶುರು ಮಾಡಿದೆ. ಈಗ ನನ್ನ ರೊಟ್ಟಿ ಸೋಲಾಪುರದ ಅಂಗಡಿಗಳಲ್ಲೂ ಸಿಗುತ್ತದೆ. ನಮ್ಮೂರಿನ ಸ್ವಾಮಿಗಳ ದರ್ಶನಕ್ಕೆ ಬರುವ ಪುಣೆ, ಮುಂಬೈಯ ಜನ ಮರಾಠಿಯಲ್ಲಿ ಚೌಕಾಶಿ ಮಾಡುತ್ತಾರೆ. ನಾನು ಮರಾಠಿಯಲ್ಲೇ ಉತ್ತರ ಕೊಟ್ಟು, ಲೆಕ್ಕ ಮಾತ್ರ ಮನಸ್ಸಿನಲ್ಲಿ ಕನ್ನಡದಲ್ಲಿ ಮಾಡುತ್ತೇನೆ. ಅವರು ನನ್ನ ಮುಖದಲ್ಲಿ ಏನನ್ನೂ ಓದಲಾರರು.

ಮಹಾದೇವಿ ನನ್ನ ಕನ್ನಡ ಶಾಲೆಯ ಗೆಳತಿ. ಕುರನೂರಿನಲ್ಲಿ ದೊಡ್ಡ ಹೊಲಮನೆಯವಳು. ಅವರ ಮನೆಗೆ ಊಟದ ಹೊತ್ತಿಗೆ ಯಾರೇ ಬಂದರೂ, ಕಾಲುವೆ ಕೆಲಸದವರಿರಲಿ, ಬಳೆಗಾರನಿರಲಿ, ಉಂಡೇ ಹೋಗಬೇಕು. ಅವಳಿಗೆ ಒಬ್ಬಳೇ ಮಗಳು, ರೇಖಾ. ಪುಣೆಯಲ್ಲಿ ಹೋಟೆಲಿನ ಓದು ಓದಿ, ಗಂಡನ ಜೊತೆ ದುಬೈಗೆ ಹೋಗಿ, ಅಲ್ಲಿ ಯಾರದೋ ಹೋಟೆಲಿನಲ್ಲಿ ದುಡಿದು, ಕೊನೆಗೆ ತನ್ನದೇ ಒಂದು ಬರ್ಗರಿನ ಅಂಗಡಿ ತೆರೆದಳು. ಆ ಸುದ್ದಿ ಹೇಳಲು ಫೋನು ಮಾಡಿದ ದಿನ ನಾನು ಮಹಾದೇವಿಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ.

"ಅನ್ನ ಮಾರ್ಲಿ ಅಂತ ನಿನ್ನ ಓದಿಸಿದ್ದಿಲ್ಲ," ಎಂದಳು ಮಹಾದೇವಿ. "ನೀ ಮಾರೂ ಅನ್ನ ನಾ ಮುಟ್ಟಂಗಿಲ್ಲ ನೋಡು."

ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, ನಿನಗಂದದ್ದಲ್ಲ ಬೇ ಎಂದಳು. ಜೀವನವಿಡೀ ಅನ್ನ ಮಾರಿಯೇ ಬದುಕಿದವಳು ನಾನು. ನಕ್ಕು ಬಿಟ್ಟೆ. ಆದರೆ ಆ ಮಾತು ತಾಯಿ ಮಗಳ ನಡುವೆ ಕೂತುಬಿಟ್ಟಿತು. ಫೋನು ಬರುತ್ತಿತ್ತು, ಹೋಗುತ್ತಿತ್ತು. ಮಳೆ, ಬೆಳೆ, ನೆಂಟರಿಷ್ಟರು ಎಲ್ಲ ಮಾತಾಡುತ್ತಿದ್ದರು, ಅಂಗಡಿಯ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಅಂಗಡಿ ಹೆಸರು ಮಾಡಿತು. ಆಗಲೂ ಎತ್ತಲಿಲ್ಲ.

ಕಡೆಗೆ ರೇಖಾ ತಾಯಿಗೆ ಟಿಕೆಟ್ ಕಳಿಸಿದಳು. ಒಬ್ಬಳೇ ಹೋಗುವುದಿಲ್ಲ ಎಂದು ಮಹಾದೇವಿ ಹಟ ಹಿಡಿದಳು. ಆ ಹಟದ ಒಳಗೆ ಹೋಗಬೇಕೆಂಬ ಆಸೆ ಎಷ್ಟಿತ್ತೆಂಬುದು ನನಗೆ ಕಾಣುತ್ತಿತ್ತು. ನಮ್ಮ ಮೂರನೇ ಗೆಳತಿ ಪುತಳಾ, ಕುರಿ ಸಾಕುವ ಮನೆಯವಳು, ಕುರಿಗಾಹಿಗಳ ದೇವರು ಬೀರೋಬಾನ ಭಕ್ತೆ. ಎರಡು ಟಗರು ಮಾರಿ ನಾನೂ ಬರುತ್ತೇನೆ ಎಂದಳು. ಇನ್ನೊಬ್ಬರ ದುಡ್ಡಿನಲ್ಲಿ ಬಸ್ಸನ್ನೂ ಹತ್ತದವಳು ನಾನು. ಹಾಗಾಗಿ ಎಮ್ಮೆ ಹೋಯಿತು. ನಾವು ಹೊರಡುವ ದಿನ ಯಾವುದೆಂದು ಪುತಳಾ ಸಂತೆಗೆಲ್ಲ ಸಾರಿಬಿಟ್ಟಿದ್ದಳು. ಎಮ್ಮೆ ಕೊಳ್ಳಲು ಬಂದವನು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಗಡಿಬಿಡಿ ನಿಮಗದ ಅಕ್ಕಾ, ನನಗಿಲ್ಲ" ಎಂದ. ಅವನು ಹೇಳಿದ ರೇಟಿಗೇ ಕೊಡಬೇಕಾಯಿತು. ನೀವು ಮಾತ್ರ ಮೊದಲು ಎಮ್ಮೆ ಮಾರಿ, ಆಮೇಲೆ ಟಿಕೆಟ್ ತೆಗೆಯಿರಿ.

ಸೋಲಾಪುರ

ರೈಲಿಗೆ ಇನ್ನೂ ಹೊತ್ತಿತ್ತು. ನನ್ನ ರೊಟ್ಟಿ ತೆಗೆದುಕೊಳ್ಳುವ ಅಂಗಡಿಯವರ ಮನೆ ಸ್ಟೇಷನ್ನಿಗೆ ಹತ್ತಿರ, ಹೋಗದಿದ್ದರೆ ಸಿಟ್ಟಾಗುತ್ತಾರೆ. ಮನೆಯಾಕೆ ಬಾಗಿಲಲ್ಲೇ ಊಟಕ್ಕೆ ಬನ್ನಿರೆಂದಳು. ನಮಗೆ ಮೂವರಿಗೂ ಹೊಟ್ಟೆ ಹಸಿದಿತ್ತು. ಮೂವರೂ ಒಂದೇ ದನಿಯಲ್ಲಿ, ನಮ್ಮದು ಆಗಿದೆ ಎಂದೆವು. ಅರ್ಧ ರೊಟ್ಟಿಯಾದರೂ ತಿನ್ನಿ ಎಂದಳು. ಬೇಡವೇ ಬೇಡ ಎಂದೆವು. ಅಷ್ಟರಲ್ಲಿ ಅವಳು ತಾಟು ಇಟ್ಟೇಬಿಟ್ಟಿದ್ದಳು, ಎಣ್ಣೆಗಾಯಿ ಬಡಿಸುತ್ತಲೂ ಇದ್ದಳು. ನಿಮ್ಮ ಮನಸ್ಸು ಮುರಿಯಬಾರದಲ್ಲ ಎಂದು ಕೂತೆವು. ಪುತಳಾ ನಾಲ್ಕು ರೊಟ್ಟಿ ತಿಂದಳು.

ಇದನ್ನು ಸುಳ್ಳು ಎಂದು ನಮ್ಮ ಕಡೆ ಯಾರೂ ಎನ್ನುವುದಿಲ್ಲ. ಕರೆದ ಕೂಡಲೇ ಕೂತರೆ ಉಣ್ಣಲಿಕ್ಕೇ ಬಂದವರ ಹಾಗೆ ಕಾಣುತ್ತದೆ. ಬೇಡ ಎಂದರೆ ಇನ್ನೊಮ್ಮೆ ಕೇಳು ಎಂದೇ ಅರ್ಥ. ವ್ಯಾಪಾರವೂ ಹೀಗೇ ನಡೆಯುವುದು. ಗಿರಾಕಿ ಬೇಡ ಎಂದು ನಾಲ್ಕು ಹೆಜ್ಜೆ ಹೋಗುತ್ತಾನೆ, ನಾನು ಕರೆಯುತ್ತೇನೆ. ಹಾಗೆ ಕರೆಸಿಕೊಳ್ಳಲಿಕ್ಕೇ ಅವನು ಹೋಗಿರುತ್ತಾನೆ.

ದುಬೈ

ಮುಂಬೈಯ ವಿಮಾನ ನಿಲ್ದಾಣದಲ್ಲಿ ನನ್ನ ಶೇಂಗಾ ಹಿಂಡಿಯ ಡಬ್ಬಿ ತೆಗೆಸಿದರು. ಒಳಗಿನ ಕೆಂಪು ಪುಡಿ ನೋಡಿ ತಪಾಸಣೆ ಮಾಡುವ ಹುಡುಗಿಯ ಹುಬ್ಬು ಮೇಲೆ ಹೋಯಿತು. ತಿಂದು ನೋಡವಾ ಎಂದು ಪುತಳಾ ಕನ್ನಡದಲ್ಲೇ ಹೇಳಿದಳು. ಹುಡುಗಿ ತಿನ್ನಲಿಲ್ಲ, ಮೂಸಿದಳು, ಸೀನಿದಳು, ಬಿಟ್ಟಳು.

ರೇಖಾಳ ಮನೆ ಬಹಳ ಎತ್ತರದಲ್ಲಿತ್ತು. ಲಿಫ್ಟಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತಾರೆ. ಪುತಳಾ ಹತ್ತಿದವರನ್ನೆಲ್ಲ ಯಾವೂರು ಎಂದು ಕೇಳುತ್ತಿದ್ದಳು. ಒಬ್ಬ ಬಿಳಿಯ ಮುದುಕ ಮಾತ್ರ ಏನು ತಿಳಿದನೋ, ಎದೆಯ ಮೇಲೆ ಕೈ ಇಟ್ಟು ಬಗ್ಗಿ ನಮಸ್ಕಾರ ಮಾಡಿದ.

ಬೀದಿಯಲ್ಲಿ ಇನ್ನೊಂದು ಫಜೀತಿ. ಪಟ್ಟೆ ಬಳಿದ ಜಾಗದಲ್ಲಿ ನಾವು ನಿಂತರೆ ಸಾಕು, ದೊಡ್ಡ ದೊಡ್ಡ ಕಾರುಗಳು ನಿಂತುಬಿಡುತ್ತವೆ. ಅಕ್ಕಲಕೋಟೆಯಲ್ಲಿ ನಮಗಾಗಿ ನಿಂತ ಗಾಡಿ ಎಂದರೆ ಕೆಟ್ಟು ನಿಂತದ್ದು. ಮೊದಲ ದಿನ ಒಂದು ಕಾರು ನಿಂತಿತು, ಅದು ಹೋಗಲಿ ಎಂದು ನಾವೂ ನಿಂತೆವು. ನಾವು ದಾಟಲಿ ಎಂದು ಅದು ನಿಂತಿತ್ತು. ಮಹಾದೇವಿ ಮನೆಗೆ ಬಂದವರಿಗೆ ದಾರಿ ಬಿಡುವ ಹಾಗೆ, ನೀವು ಮುಂದಾಗಿರಿ ಎಂದು ಕೈ ತೋರಿಸಿದಳು. ಕಾರಿನವನೂ ಕೈ ತೋರಿಸಿದ. ಹಿಂದೆ ಸಾಲು ಬೆಳೆಯಿತು. ಕೊನೆಗೆ ರೇಖಾಳ ಗಂಡ ಬಂದು ನಮ್ಮನ್ನು ಕೈ ಹಿಡಿದು ದಾಟಿಸಿದ.

ರೇಖಾ ಬೆಳಿಗ್ಗೆ ಹೋದರೆ ನಾವು ಮಲಗಿದ ಮೇಲೆ ಬರುತ್ತಿದ್ದಳು. ಮಹಾದೇವಿ ಬಂದ ದಿನವೇ ಮನೆಯ ಒಲೆಯನ್ನು ತನ್ನ ಕೈಗೆ ತೆಗೆದುಕೊಂಡಳು. ರೊಟ್ಟಿ ಬಡಿಯುತ್ತಿದ್ದಳು, ಮಗಳ ಪಾಲು ಮುಚ್ಚಿಡುತ್ತಿದ್ದಳು, ಬೆಳಿಗ್ಗೆ ಎದ್ದು ಉಂಡಿದ್ದಾಳೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುತ್ತಿದ್ದಳು. ಹೊರಡುವ ದಿನ ಹತ್ತಿರ ಬಂದಾಗ ರೇಖಾ, ನೆಲ ನೋಡುತ್ತಾ, ನಾಳೆ ಮಧ್ಯಾಹ್ನ ಮೂವರೂ ಅಂಗಡಿಗೆ ಬನ್ನಿ ಎಂದಳು. ಮಹಾದೇವಿ, "ನೋಡಾಕ ಬರ್ತೀನಿ" ಎಂದಳು. ನೋಡಲಿಕ್ಕೆ ಮಾತ್ರ. ಆದರೂ ಅರ್ಧ ವ್ಯಾಪಾರ ಕುದುರಿತು ಎಂದುಕೊಂಡೆ.

ಮಾಲ್

ಮಗಳ ಅಂಗಡಿಗೆ ಬರಿಗೈಯಲ್ಲಿ ಹೋಗಲು ಮಹಾದೇವಿಗೆ ಮನಸ್ಸಿಲ್ಲ. ಅಂಗಡಿಯ ಏಸಿ ಗಾಳಿಗೆ ರೇಖಾ ಕೆಮ್ಮುತ್ತಿದ್ದಳು. ಹಾಗಾಗಿ ಒಂದು ಶಾಲು ಕೊಳ್ಳೋಣ ಎಂದು ಅಂದೇ ಸಂಜೆ ಮಾಲಿಗೆ ಹೋದೆವು. ನವಿಲು ಬಣ್ಣದ ಒಂದು ಶಾಲನ್ನು ಮಹಾದೇವಿ ಕೈಯಲ್ಲಿ ಹಿಡಿದವಳು ಕೆಳಗಿಡಲಿಲ್ಲ. ಆ ಬಣ್ಣದ್ದು ಅದೊಂದೇ ಉಳಿದಿತ್ತು.

ನಾನಿದ್ದೇನಲ್ಲ. ಬೆರಳಿನಲ್ಲಿ ಅರ್ಧ ರೇಟು ತೋರಿಸಿದೆ. ಅಂಗಡಿಯ ಹುಡುಗಿ ನಕ್ಕು, ಶಾಲಿಗೆ ಕಟ್ಟಿದ್ದ ಚೀಟಿ ತೋರಿಸಿದಳು. ಶಾಲನ್ನು ಮಹಾದೇವಿಯ ಕೈಯಿಂದ ಬಿಡಿಸಿ, ಮಡಚಿ ಇಟ್ಟು, ಅವಳ ರಟ್ಟೆ ಹಿಡಿದು ಹೊರಗೆ ನಡೆದೆ. ನಿಧಾನವಾಗಿಯೇ ನಡೆದೆ. ಕರೆಯಲಿಕ್ಕೆ ಸಮಯ ಕೊಡಬೇಕಲ್ಲ. ಐಸ್‌ಕ್ರೀಮ್ ಅಂಗಡಿಯವರೆಗೆ ಬಂದೆವು. ಯಾರೂ ಕರೆಯಲಿಲ್ಲ. ಮಹಾದೇವಿ ನನ್ನ ಮುಖ ನೋಡಿದಳು. ನಾಚಿಕೆ ಬಿಟ್ಟು ತಿರುಗಿ ಹೋದರೆ ಯಾರೋ ಒಬ್ಬ ಹೆಂಗಸು ಆ ಶಾಲನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು, ದುಡ್ಡು ಕೊಟ್ಟಾಗಿತ್ತು.

ಮಹಾದೇವಿ ಬಯ್ಯಲಿಲ್ಲ. ಮನೆಗೆ ಬಂದು ಸೀರೆ ಮಡಚುತ್ತಾ ಹೇಳಿದಳು. "ನಿನ್ನ ವ್ಯಾಪಾರ ನಿನ್ನ ಸಂತಿಗೆ ಇಟ್ಕೊ ಶಾಂತಾ. ನಾಳೆ ರೇಖಾನ ಅಂಗಡ್ಯಾಗ ನನ್ನ ಪರ ನೀ ಬಾಯಿ ತೆಗೀಬ್ಯಾಡ. ನನ್ನ ಮ್ಯಾಲ ಆಣಿ."

ಆಗಲಿ ಎಂದೆ.

ಬರ್ಗರಿನ ಅಂಗಡಿ

ಅದು ಮೊದಲು ಯಾವುದೋ ಗೋದಾಮು. ಮೇಲೆ ಕಬ್ಬಿಣದ ತೊಲೆಗಳು ಬತ್ತಲೆ ಕಾಣುತ್ತವೆ, ಇಟ್ಟಿಗೆ ಗೋಡೆಗೆ ಗಿಲಾವಿಲ್ಲ, ಬಲ್ಬುಗಳು ಬರೀ ವೈರಿಗೆ ತೂಗುತ್ತವೆ. ಇಷ್ಟು ದುಡಿದೂ ಗೋಡೆಗೆ ಗಿಲಾವು ಮಾಡಿಸಲು ರೊಕ್ಕ ಸಾಲಲಿಲ್ಲವೇ ಎಂದು ಪುತಳಾ ಮರುಗಿದಳು. ಅದೇ ಇಲ್ಲಿನ ಶೋಕಿ ಎಂದು ರೇಖಾ ಹೇಳಿದ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ.

ಅಂಗಡಿ ತುಂಬಿತ್ತು. ಬಾಗಿಲ ಹೊರಗೆ ಜನ ಕಾಯುತ್ತಿದ್ದರು. ಬರ್ಗರ್ ಬಂದ ಕೂಡಲೇ ಯಾರೂ ತಿನ್ನುವುದಿಲ್ಲ, ಮೊದಲು ಫೋನು ಎತ್ತಿ ಸುತ್ತ ತಿರುಗಿಸಿ ಫೋಟೋ ತೆಗೆಯುತ್ತಾರೆ. ನಾವು ದೇವರಿಗೆ ಎಡೆ ತೋರಿಸಿದ ಹಾಗೆ. ತಾಟಿಲ್ಲ, ಕಟ್ಟಿಗೆಯ ಹಲಗೆಯ ಮೇಲೆ ಇಡುತ್ತಾರೆ. ಒಂದೊಂದು ಬರ್ಗರೂ ಗೇಣುದ್ದ, ಯಾವ ಬಾಯಿಗೂ ಹಿಡಿಯುವಂತಿಲ್ಲ, ನಡುವೆ ಒಂದು ಕಡ್ಡಿ ಚುಚ್ಚಿ ನಿಲ್ಲಿಸಿರುತ್ತಾರೆ. ತಿನ್ನುವ ಕೆಲವರು ಕೈಗೆ ಕರಿ ರಬ್ಬರಿನ ಚೀಲ ಹಾಕಿಕೊಳ್ಳುತ್ತಾರೆ. ಕೈಯಿಂದ ತಿನ್ನುವುದೇ ಆದರೆ ಕೈಗೇಕೆ ಹೊದಿಕೆ, ನನಗೆ ತಿಳಿಯಲಿಲ್ಲ.

ನೀರು ಕೊಡುವ ಹುಡುಗಿ ಬಂದು ಇನ್ನಷ್ಟು ಬೇಕೇ ಎಂದಳು. ಅಭ್ಯಾಸದ ಹಾಗೆ ಬೇಡ ಎಂದೆವು. ನಕ್ಕು ಹೋದಳು, ಮತ್ತೆ ಬರಲಿಲ್ಲ. ಇದನ್ನು ರೇಖಾ ಮೊದಲೇ ಹೆಮ್ಮೆಯಿಂದ ಹೇಳಿದ್ದಳು. ಅವ್ವನ ಗೆಳತಿಯರು ನಮ್ಮಲ್ಲಿ ಮೌಶಿಯರು. "ಗಿರಾಕಿ ಬ್ಯಾಡ ಅಂದ್ರ ಬ್ಯಾಡ, ಮೌಶಿ. ಎರಡನೇ ಸಲ ಕೇಳಿದ್ರ ಪೀಡಿಸಿದಂಗ. ನಮ್ಮ ಹುಡುಗ್ರಿಗೆ ಮೊದಲ ಕಲಿಸೂದಽ ಇದು." ಅದು ಅಲ್ಲಿಯ ಮರ್ಯಾದೆ. ಇರಲಿ, ಊರಿಗೊಂದು ಮರ್ಯಾದೆ ಇರುತ್ತದೆ ಎಂದುಕೊಂಡಿದ್ದೆ.

ಪುತಳಾ ಕುರಿ ಮಾಂಸದ್ದು ಹೇಳಿದಳು. ನಾನು ಅಣಬೆಯದು. ಪುತಳಾ ಒಂದು ತುತ್ತು ತಿಂದು, ಇದು ಹುಲ್ಲು ತಿಂದ ಕುರಿಯಲ್ಲ, ಚೀಲದ ಮೇವು ತಿಂದದ್ದು ಎಂದು ತೀರ್ಪು ಕೊಟ್ಟು, ಹಲಗೆಯ ಮೇಲೆ ಬಿದ್ದದ್ದನ್ನೂ ಬಿಡದೆ ತಿನ್ನತೊಡಗಿದಳು. ಮಹಾದೇವಿಯ ಮುಂದೆ ಬರಿಯ ಮೇಜು. ಅವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಮಗೆ ಉಪ್ಪಿಟ್ಟು ಬಡಿಸಿ ತಾನು ಆಮೇಲೆ ಎಂದಿದ್ದಳು. ತಾಟು ತೊಳೆದವಳು ನಾನು. ಅವಳ ತಾಟು ಅದರಲ್ಲಿರಲಿಲ್ಲ. ನೋಡಲಿಕ್ಕೆ ಮಾತ್ರ ಬರುವವಳು ಹೊಟ್ಟೆ ಖಾಲಿ ಇಟ್ಟುಕೊಂಡು ಬರುತ್ತಾಳೆಯೇ, ನೀವೇ ಹೇಳಿ.

ಆಗ ಅಡುಗೆಮನೆಯ ಬಾಗಿಲು ನೂಕಿಕೊಂಡು ರೇಖಾಳೇ ಒಂದು ಹಲಗೆ ತಂದಳು. ಬೇರೆಯವರದರ ಹಾಗೆ ಗೇಣುದ್ದದ್ದಲ್ಲ, ಸಣ್ಣದು. ಬ್ರೆಡ್ಡಿನ ಮೇಲೆ ಜೋಳದ ಹಿಟ್ಟು ಉದುರಿಸಿ ಸುಟ್ಟಿದ್ದು ಕಾಣುತ್ತಿತ್ತು. ಒಳಗೆ ಕಡಲೆಹಿಟ್ಟಿನ ಜುಣಕದ ವಡಿ, ದಪ್ಪಗೆ ಕೊಯ್ದು ಕಾವಲಿಯ ಮೇಲೆ ಕೆಂಪು ಮಾಡಿದ್ದು. ಅದರ ಮೇಲೆ ಹಸಿ ಉಳ್ಳಾಗಡ್ಡಿ, ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ. ನನ್ನದೇ ಹಿಂಡಿ, ವಾಸನೆಯಿಂದಲೇ ಗುರುತು ಸಿಕ್ಕಿತು. ಹಲಗೆಯನ್ನು ತಾಯಿಯ ಮುಂದೆ ಇಟ್ಟು, ಕೈಗಳನ್ನು ಏಪ್ರನ್ನಿನ ಹಿಂದೆ ಕಟ್ಟಿ ನಿಂತಳು. "ತಿಂತೀಯೇನವ್ವ?" ಎಂದಳು.

ಮಹಾದೇವಿ ಅದನ್ನು ನೋಡಿದಳು. ತೊಡೆಯ ಮೇಲಿದ್ದ ಅವಳ ಬಲಗೈ ಮೇಜಿನ ಅಂಚಿಗೆ ಬಂದಿತ್ತು.

"ಬ್ಯಾಡವಾ," ಎಂದಳು. "ನಂದು ಆಗ್ಯಾದ."

ಅದು ಎಂಥ ಬೇಡ ಎಂಬುದು ಅಕ್ಕಲಕೋಟ ತಾಲೂಕಿನ ಯಾವ ಹೆಂಗಸಿಗಾದರೂ ತಿಳಿಯುತ್ತಿತ್ತು. ಒಂದು ಸಲ ಬಾಯಿ ಬಿಟ್ಟು ಮುಟ್ಟಂಗಿಲ್ಲ ಎಂದವಳು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬೇರೆ ದಾರಿ ಇಲ್ಲ. ಯಾರಾದರೂ ಒತ್ತಾಯ ಮಾಡಬೇಕು, ನಿಮ್ಮ ಮನಸ್ಸಿಗಾಗಿ ಎಂದು ಅವಳು ಕೈ ಹಾಕಬೇಕು. ಇನ್ನೊಂದು ಸಲ, ಹೆಚ್ಚೆಂದರೆ ಎರಡು ಸಲ.

ರೇಖಾ ಹಿಂದೆ ಕಟ್ಟಿದ್ದ ಕೈ ಬಿಚ್ಚಿದಳು. "ಆತವ್ವ," ಎಂದಳು. ಹಲಗೆ ಎತ್ತಿಕೊಂಡು ಹೋದಳು.

ನಾನು ಬಾಯಿ ತೆರೆದೆ. ಮಹಾದೇವಿಯ ಕಣ್ಣು ನನ್ನ ಮೇಲೆ ಬಿತ್ತು. ನಿನ್ನೆಯ ಆಣೆ, ನಿನ್ನೆಯ ಶಾಲು ಎರಡೂ ಆ ಕಣ್ಣಿನಲ್ಲಿದ್ದವು. ಬಾಯಿ ಮುಚ್ಚಿಕೊಂಡೆ. ಪುತಳಾಳ ಬಾಯಿ ತುಂಬಿತ್ತು. ಅಡುಗೆಮನೆಯ ಬಾಗಿಲು ಹಿಂದೆ ಮುಂದೆ ಆಡುತ್ತಿತ್ತು, ಅದು ನಿಲ್ಲುವ ತನಕ ಮಹಾದೇವಿ ಅದನ್ನೇ ನೋಡಿದಳು. ಮತ್ತೆ ತೆರೆಯಲಿಲ್ಲ. ನಮ್ಮದು ಮುಗಿಯುವ ತನಕ ಕೂತಿದ್ದು, ಎದ್ದು ಕೈ ತೊಳೆಯಲು ಹೋದಳು. ಏನೂ ತಿನ್ನದವಳು ಕೈ ತೊಳೆಯಲು ಹೋದಳು.

ಅವಳು ಅತ್ತ ಹೋದ ಕೂಡಲೇ ನಾನು ಇತ್ತ ಅಡುಗೆಮನೆಗೆ ನುಗ್ಗಿದೆ. ರೇಖಾ ಹಲಗೆಯನ್ನು ಮುಂದಿಟ್ಟುಕೊಂಡು ನಿಂತಿದ್ದಳು.

"ಯಾಕ ಹೊಳ್ಳಿ ತಂದಿ ಬೇ?"

"ಬ್ಯಾಡ ಅಂದ್ಲಲ್ಲ, ಮೌಶಿ."

"ಒಂದ ಸಲ ಅಂದ್ಲು."

ಅವಳು ನನ್ನನ್ನೇ ನೋಡಿದಳು. ಈಗ ತಿಳಿದ ಹಾಗೆ ಕಂಡಿತು. "ಇದು ಮೆನು ಕಾರ್ಡಿನ್ಯಾಗ ಇಲ್ಲ ಮೌಶಿ," ಎಂದಳು. "ಇದಕ್ಕ ರೇಟ್ ಇಲ್ಲ. ಮಾಂಸ ಮುಟ್ಟದ ಹೊಸಾ ಕಾವಲಿ ತಂದು ಇದೊಂದ ಮಾಡೀನಿ. ಮಾರೂದಲ್ಲ ಇದು."

"ಹಂಗಂತ ಆಕಿಗಿ ಹೇಳಿದಿ?"

"ನೋಡಿದ್ರ ತಿಳೀತದ ಅಂದ್ಕೊಂಡೆ."

ಹಲಗೆ ಅವಳ ಕೈಗೆ ಕೊಟ್ಟು ನೂಕಿಕೊಂಡೇ ಹೊರಗೆ ಬಂದೆ. ಮಹಾದೇವಿ ಮೇಜಿನ ಹತ್ತಿರ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ರೇಖಾ ಹಲಗೆ ಹಿಡಿದು, ಒಂದು ತುತ್ತಾದರೂ ತಿನ್ನವ್ವ ಎಂದಳು. ಮಹಾದೇವಿ ಮಗಳನ್ನು ನೋಡಿದಳು, ಆಮೇಲೆ ತನ್ನ ಒದ್ದೆ ಕೈಗಳನ್ನು ನೋಡಿದಳು.

"ಕೈ ತೊಳದೀನಲ್ಲವಾ," ಎಂದಳು. ಕ್ಷಮೆ ಕೇಳುವ ದನಿ.

ಕುರನೂರಿನ ಆ ಮನೆಯಲ್ಲಿ ಎದ್ದು ಕೈ ತೊಳೆದವರು ಮತ್ತೆ ತಾಟಿಗೆ ಕೂಡುವಂತಿಲ್ಲ. ಚಿಕ್ಕ ಮಕ್ಕಳಿಗೂ ಬಿಡುತ್ತಿರಲಿಲ್ಲ. ರೇಖಾ ಆ ಮನೆಯಲ್ಲೇ ಉಂಡು ಬೆಳೆದವಳು. ಹಲಗೆ ಕೆಳಗಿಳಿಸಿದಳು. ಒತ್ತಾಯದ ರಿವಾಜು ಅವಳಿಗೆ ಮರೆತಿತ್ತು, ಕೈ ತೊಳೆಯುವ ರಿವಾಜು ನೆನಪಿತ್ತು. ಅದಲುಬದಲಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಈಗಲೂ ರೊಟ್ಟಿ ಬಡಿಯುವಾಗ ಅಂದುಕೊಳ್ಳುತ್ತೇನೆ.

ಅದೇ ಸಂಜೆಯ ವಿಮಾನಕ್ಕೆ ಹೊರಡುವಾಗ ರೇಖಾ ಆ ಬರ್ಗರನ್ನು ಬೆಳ್ಳಿ ಕಾಗದದಲ್ಲಿ ಸುತ್ತಿ ತಾಯಿಯ ಕೈಚೀಲದಲ್ಲಿ ಇಟ್ಟಳು. ಬುತ್ತಿ ಎಂದಳು. ಮಹಾದೇವಿ ಬೇಡ ಎನ್ನಲಿಲ್ಲ.

ವಳಸಂಗ

ವಿಮಾನದಲ್ಲಿ ಪುತಳಾ ಯಾರು ಏನು ಕೇಳಿದರೂ ಮೊದಲ ಸಲಕ್ಕೇ ಹೂಂ ಎಂದು ತೆಗೆದುಕೊಳ್ಳುತ್ತಿದ್ದಳು. ಅವಳಾದರೂ ಕಲಿತಳು. ಮಹಾದೇವಿ ಅಲ್ಲಿಯೂ ಚೀಲ ತೆರೆಯಲಿಲ್ಲ, ಮುಂಬೈಯ ರೈಲಿನಲ್ಲೂ ತೆರೆಯಲಿಲ್ಲ. ಎಲ್ಲರ ಮುಂದೆ, ಅದೂ ಯಾರೂ ತಿನ್ನು ಎನ್ನದೆ, ತಾನಾಗಿ ತೆಗೆದು ತಿನ್ನುವ ಹೆಣ್ಣಲ್ಲ ಅವಳು. ನಾನು ಹೇಳಬಹುದಿತ್ತು. ಆಣೆ ಅಂಗಡಿಗೆ ಮಾತ್ರವೋ, ಪ್ರಯಾಣಕ್ಕೆಲ್ಲವೋ ಎಂದು ಯೋಚನೆ ಮಾಡುತ್ತಲೇ ಸೋಲಾಪುರ ಬಂದುಬಿಟ್ಟಿತು.

ಅಕ್ಕಲಕೋಟೆಯ ಬಸ್ಸಿನಲ್ಲಿ ಕೂತು, ವಳಸಂಗದ ಸ್ಟ್ಯಾಂಡ್ ಬಿಟ್ಟ ಮೇಲೆ, ಅವಳೇ ಚೀಲದಿಂದ ಅದನ್ನು ತೆಗೆದಳು. ವಳಸಂಗ ನನ್ನ ತವರೂರು, ಕಿಟಕಿಯಿಂದ ಯಾರಾದರೂ ಕಂಡಾರೇ ಎಂದು ನಾನು ಹೊರಗೆ ನೋಡುತ್ತಿದ್ದೆ. ಕಾಗದ ಬಿಚ್ಚಿದ ಸಪ್ಪಳಕ್ಕೆ ತಿರುಗಿದೆ. ಬಿಸಿಲಿಗೆ ಮೊಸರು ಹುಳಿಯಾಗಿ ವಾಸನೆ ಹೊಡೆಯುತ್ತಿತ್ತು, ವಡಿ ಜಿಗುಟಾಗಿತ್ತು.

"ಇನ್ನೊಂದ ಸಲ ಅಂದಿದ್ರ ತಿಂತಿದ್ದೆ ಬೇ," ಎಂದಳು. ನನಗೆ ಹೇಳಿದ್ದಲ್ಲ, ಕೈಯಲ್ಲಿದ್ದದ್ದಕ್ಕೆ ಹೇಳಿದ ಹಾಗಿತ್ತು.

ಆಗ ನಾನು ಹೇಳಿದೆ. ಅದು ಕಾರ್ಡಿನಲ್ಲಿರಲಿಲ್ಲ, ಅದಕ್ಕೆ ರೇಟಿರಲಿಲ್ಲ, ಹೊಸ ಕಾವಲಿಯ ಮೇಲೆ ಅದೊಂದನ್ನೇ ಮಾಡಿದ್ದಳು ಎಂದು.

"ಹೌದಾ?" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಹೇಳಲಿಲ್ಲಲ್ಲ ಹುಡುಗಿ" ಎಂದಳು. ಕಾಗದವನ್ನು ಮೊದಲಿದ್ದ ಮಡಿಕೆಗಳ ಮೇಲೇ ಮತ್ತೆ ಮಡಚಿ ಚೀಲದಲ್ಲಿ ಇಟ್ಟಳು. ಕುರನೂರಿಗೆ ಒಯ್ದು ಅದನ್ನು ಏನು ಮಾಡಿದಳೋ ನಾನು ಕೇಳಲಿಲ್ಲ. ಅವಳ ಮನೆಯ ವಿಷಯದಲ್ಲಿ ನಾನು ಕೇಳದೆ ಬಿಟ್ಟದ್ದು ಅದೊಂದೇ.

ಈಗ ಫೋನಿನಲ್ಲಿ ರೇಖಾ ಮತ್ತೆ ಬಾ ಎನ್ನುತ್ತಾಳೆ. ಒಂದು ಸಲವಲ್ಲ, ಮೂರು ಮೂರು ಸಲ ಎನ್ನುತ್ತಾಳೆ, ಕಲಿತಿದ್ದಾಳೆ. ನೋಡೋಣ ಎನ್ನುತ್ತಾಳೆ ಮಹಾದೇವಿ. ಅವಳ ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ದೀಪಾವಳಿಗೆ ಬರುತ್ತೇನೆ ಎಂದಿದ್ದ ರೇಖಾಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಇಬ್ಬರೂ ಈಗ ಅಂಗಡಿಯ ಮಾತಾಡುತ್ತಾರೆ, ಎಷ್ಟು ಜನ ಬಂದರು, ಏನು ಖರ್ಚಾಯಿತು ಎಂದು. ಜುಣಕದ ವಡಿಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಹೋಗುವವರಿಗೆ

ನೀವು ಮಕ್ಕಳನ್ನು ನೋಡಲು ಪರದೇಶಕ್ಕೆ ಹೋಗುವವರಾದರೆ ನನ್ನ ಮಾತು ಕೇಳಿ. ಮಾಲಿನಲ್ಲಿ ಚೌಕಾಶಿ ಮಾಡಬೇಡಿ, ಮನಸ್ಸಿಗೆ ಬಂದದ್ದನ್ನು ಕೈಯಿಂದ ಬಿಡಬೇಡಿ. ಅಲ್ಲಿ ಯಾರೂ ಹಿಂದಿನಿಂದ ಕರೆಯುವುದಿಲ್ಲ. ರಸ್ತೆಯಲ್ಲಿ ಕಾರು ನಿಂತರೆ ದಾಟಿಬಿಡಿ. ಹಿಂಡಿಯ ಡಬ್ಬಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ಕೈಚೀಲದಲ್ಲಿ ಬೇಡ. ಹಸಿವಾಗಿದ್ದರೆ ಹಸಿವಾಗಿದೆ ಎನ್ನಿ. ಮೊದಲ ಸಲಕ್ಕೇ ಹೂಂ ಎಂದರೆ ಅಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ, ಮಾಡಿದವರಿಗೆ ಖುಷಿಯಾಗುತ್ತದೆ. ಮಕ್ಕಳು ಓದುತ್ತಿದ್ದರೆ ಅವರಿಗೂ ಒಂದು ಮಾತು. ಗಿರಾಕಿಗೆ ಒಂದು ಸಲ ಕೇಳಿ, ಅವ್ವನಿಗೆ ಮೂರು ಸಲ ಕೇಳಿ. ಮಾರಲು ಮಾಡಿದ್ದಲ್ಲವಾದರೆ ಹಾಗೆಂದು ಬಾಯಿ ಬಿಟ್ಟು ಹೇಳಿ.

ಇನ್ನು ನೀವು ಅವರ ನಡುವೆ ಕೂತ ಮೂರನೆಯವರಾಗಿದ್ದರೆ, ಯಾರ ಮೇಲೆ ಯಾವ ಆಣೆ ಇದ್ದರೂ ಇರಲಿ, ಮುಟ್ಟದ ತಾಟು ಹಿಂದಕ್ಕೆ ಹೊರಟದ್ದು ಕಂಡರೆ ಮೊದಲು ಕೈ ಚಾಚಿ ಅದನ್ನು ಹಿಡಿಯಿರಿ. ಬೈಗುಳ ಆಮೇಲೆ ತಿಂದರಾಯಿತು.